ಹೊರಗಿನಿಂದ ಬಂದ ದಾಸೋಜ

‘ನಮ್ಮೂರಿನವರು, ಹೊರಗಿನವರು’ ಎಂಬ ಪ್ರಾಜೆಕ್ಟ್ ಅರಸೀಕೆರೆಯ ಹೈಸ್ಕೂಲು ಹುಡುಗಿಯೊಬ್ಬಳಿಗೆ ಸಿಕ್ಕಿದೆ ಎಂದುಕೊಳ್ಳೋಣ. ಅಪ್ಪನಿಗೆ ರೈಲ್ವೆ ಕೆಲಸ, ವರ್ಗವಾಗಿ ಬಂದ ಮನೆ. ಬೆಂಗಳೂರು–ಹುಬ್ಬಳ್ಳಿ ಹಳಿಗೆ ಹಾಸನ–ಮೈಸೂರಿನ ಹಳಿ ಸೇರುವ ಜಂಕ್ಷನ್ ಊರಿನಲ್ಲಿ ಅಂಥ ಮನೆಗಳಿಗೇನು ಕಡಿಮೆ? ಆದರೂ ತರಗತಿಯಲ್ಲಿ ‘ನಿಮ್ಮ ಸ್ವಂತ ಊರು ಯಾವುದು’ ಎಂದು ಕೇಳಿದಾಗ ಅವಳು ತಡವರಿಸುತ್ತಾಳೆ.

ಅವಳು ಮೊದಲು ಹೋಗಬೇಕಾದದ್ದು ಬೇಲೂರಿಗೆ.

ಚೆನ್ನಕೇಶವ ದೇಗುಲ ಪ್ರತಿಷ್ಠೆಯಾದದ್ದು 1117ರಲ್ಲಿ, ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ. ಅಲ್ಲಿನ ಮದನಿಕೆಯರನ್ನು ಎಲ್ಲರೂ ಕತ್ತೆತ್ತಿ ನೋಡುತ್ತಾರೆ. ಬಳಪದ ಕಲ್ಲಿನ ಬಳೆ, ಬೈತಲೆ, ಬೆರಳ ತುದಿಯವರೆಗೆ ಕಣ್ಣು ಓಡುತ್ತದೆ. ಪೀಠದ ಮೇಲೆ ಕೊರೆದ ಪುಟ್ಟ ಅಕ್ಷರಗಳತ್ತ ಗಮನ ಹೋಗುವುದು ಕಡಿಮೆ. ಶಿಲ್ಪಿಗಳು ಅಲ್ಲಿ ತಮ್ಮ ಹೆಸರು, ಬಿರುದುಗಳನ್ನು ಬರೆದುಕೊಂಡಿದ್ದಾರೆ. ಅವರಲ್ಲಿ ದಾಸೋಜ ತನ್ನ ಊರು ಬಳ್ಳಿಗಾವಿ ಎಂದೂ ಸೇರಿಸಿದ್ದಾನೆ. ಅದು ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅವನ ಮಗ ಚಾವಣನ ಕೆಲಸವೂ ಇಲ್ಲೇ ಇದೆ. ಬೇಲೂರಿನ ಹೆಮ್ಮೆಯನ್ನು ಕಡೆದವನು ಹೊರಗಿನವನು, ಅದನ್ನು ಮುಚ್ಚಿಡಬೇಕೆಂದು ಅವನಿಗೆ ಅನ್ನಿಸಲಿಲ್ಲ. ಆ ಸಹಿಗಳು ಎಷ್ಟು ಧೈರ್ಯದವು!

ವಿಷ್ಣುವರ್ಧನನ ರಾಣಿ ಶಾಂತಲೆ ಇನ್ನೊಂದು ಬಗೆಯಲ್ಲಿ ಹೊರಗಿನವಳು. ದೊರೆ ವೈಷ್ಣವನಾದರೂ ಅವಳು ಜೈನಳಾಗಿಯೇ ಉಳಿದಳು. ಅದೇ ಅಂಗಳದ ಕಪ್ಪೆ ಚೆನ್ನಿಗರಾಯನ ಗುಡಿ ಅವಳು ಕಟ್ಟಿಸಿದ್ದು. ಹಳೇಬೀಡಿನಲ್ಲೂ ಹೊಯ್ಸಳೇಶ್ವರ ದೇಗುಲದಿಂದ ಸ್ವಲ್ಪ ನಡೆದರೆ ಜೈನರ ಪಾರ್ಶ್ವನಾಥ ಬಸದಿ ಸಿಗುತ್ತದೆ.

ಅಷ್ಟೇಕೆ, ಹೊಯ್ಸಳರೂ ಇಲ್ಲಿಯವರಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಅಂದಿನ ಸೊಸೆವೂರಿನಿಂದ ಬೇಲೂರಿಗೆ, ಆಮೇಲೆ ದೋರಸಮುದ್ರಕ್ಕೆ, ಅಂದರೆ ಇಂದಿನ ಹಳೇಬೀಡಿಗೆ, ಬಂದವರು.