ಗಡಿಯಾರ ಯಾರದು?

ಎಕ್ಸ್‌ಚೇಂಜ್ ಸೆಮಿಸ್ಟರ್ ಮುಗಿಸಿ ನೆದರ್ಲೆಂಡ್ಸ್‌ನಿಂದ ಬಂದ ಮೇಲೆ ಜೂನಿಯರ್‌ಗಳು ನಮ್ಮನ್ನ ಕೇಳೋದು ಎರಡೇ ಪ್ರಶ್ನೆ. ಖರ್ಚೆಷ್ಟು? ಕೆಲಸ ಸಿಗುತ್ತಾ? ಫೀಸು ಇಲ್ಲಿ ಕಟ್ಟಿದ್ದೇ ಸಾಕು. ರೂಮು, ಊಟ, ಇನ್ಶೂರೆನ್ಸ್ ನಮ್ಮದು. ನಾಲ್ವರಲ್ಲಿ ಇಬ್ಬರು ಲೋನ್ ಮಾಡಿ ಹೋದ್ವಿ. ಕೆಲಸದ ಮಾತು ಆಮೇಲೆ. ಯಾರೂ ಕೇಳದ ಒಂದು ವಿಷಯ ಹೇಳ್ತೀವಿ.

ಇಂಟರ್‌ನ್ಯಾಷನಲ್ ಬಿಸಿನೆಸ್ ಪೇಪರಿನಲ್ಲಿ 'ಡಚ್ ಹರಾಜು' ಎರಡು ಮಾರ್ಕಿನ ಪ್ರಶ್ನೆ. ಅಲ್ಲಿ ಅದಕ್ಕೇ ಅಂತ ನಮ್ಮನ್ನ ಬೆಳಗಿನ ಜಾವ ಎಬ್ಬಿಸಿ ಆಲ್ಸ್‌ಮೀರ್‌ನ ಹೂವಿನ ಹರಾಜಿಗೆ ಕರ್ಕೊಂಡು ಹೋದರು. ಜಗತ್ತಿನ ಅತಿ ದೊಡ್ಡ ಕಟ್ಟಡಗಳಲ್ಲಿ ಅದೂ ಒಂದು. ಮೇಲಿನ ಸೇತುವೆಯಂಥ ದಾರಿಯಲ್ಲಿ ನಿಂತರೆ ಕೆಳಗೆ ಹೂವಿನ ಟ್ರಾಲಿಗಳ ಸಾಲು, ರೈಲಿನ ಹಾಗೆ ಎಳ್ಕೊಂಡು ಓಡೋ ಪುಟ್ಟ ಗಾಡಿಗಳು. ಕೀನ್ಯಾ, ಇಥಿಯೋಪಿಯಾದಿಂದ ಬಂದ ಗುಲಾಬಿಯೂ ಅಲ್ಲೇ.

ನಮ್ಮಲ್ಲಿ ಹರಾಜು ಅಂದ್ರೆ ಕೂಗು, ಬೆಲೆ ಏರಬೇಕು. ಅಲ್ಲಿ ಗಡಿಯಾರದ ಮೇಲೆ ಬೆಲೆ ಸರಸರ ಇಳಿಯುತ್ತೆ. ಮೊದಲು ಬಟನ್ ಒತ್ತಿದವನಿಗೆ ಮಾಲು. ಇನ್ನೂ ಇಳಿಯಲಿ ಅಂತ ಕಾದರೆ ಇನ್ನೊಬ್ಬ ಒತ್ತಿರ್ತಾನೆ. ಒಂದೊಂದು ಲಾಟು ಕೆಲವೇ ಸೆಕೆಂಡು. ಬಾಡೋ ಸರಕಿಗೆ ಇದಕ್ಕಿಂತ ಸರಿಯಾದ ಲೆಕ್ಕ ಇಲ್ಲ ಅನ್ನಿಸ್ತು. ಕೊಳ್ಳುವವರಲ್ಲಿ ಎಷ್ಟೋ ಜನ ಈಗ ತಮ್ಮ ಆಫೀಸಿನಲ್ಲೇ ಕೂತು ಒತ್ತುತ್ತಾರೆ.

ನಮ್ಮ ಜೊತೆ ಬಂದಿದ್ದವಳೊಬ್ಬಳ ಮನೆ ಚಿಕ್ಕಬಳ್ಳಾಪುರದ ಕಡೆ. ಅಪ್ಪ ಸೇವಂತಿಗೆ ಬೆಳೀತಾರೆ. ಮಂಡಿಗೆ ಹೂ ಕಳಿಸಿದ ಮೇಲೆ ರೇಟು ಎಷ್ಟಾಯ್ತು ಅಂತ ಫೋನಿನಲ್ಲೇ ತಿಳೀಬೇಕು. ನಾವೆಲ್ಲ ಗಡಿಯಾರದ ಫೋಟೋ ತೆಗೀತಿದ್ರೆ ಅವಳು ಮೇಷ್ಟ್ರನ್ನ ಕೇಳಿದ್ದು ಒಂದೇ: "ಈ ಗಡಿಯಾರ ಯಾರದು ಸರ್?"

ಬೆಳೆಗಾರರದ್ದೇ. ಅದೊಂದು ಸಹಕಾರ ಸಂಘ. ಆಲ್ಸ್‌ಮೀರ್‌ನ ಎರಡು ಹರಾಜು ಸಂಘಗಳು 1968ರಲ್ಲಿ ಒಂದಾದವು. ಈಗಿನ ಹೆಸರು ರಾಯಲ್ ಫ್ಲೋರಾಹಾಲೆಂಡ್. "ಹಾಗಾದ್ರೆ ನಮ್ಮೂರ ಹಾಲಿನ ಡೇರಿ ಥರ," ಅಂದಳು. ಮೂರು ತಿಂಗಳ ಕೋರ್ಸಿನಲ್ಲಿ ನಾವು ಬರೆದ ಯಾವ ರಿಪೋರ್ಟಿನಲ್ಲೂ ಇಷ್ಟು ಒಳ್ಳೆ ವಾಕ್ಯ ಇರಲಿಲ್ಲ.

ಅವತ್ತು ರಾತ್ರಿ ಅವಳು ಅಪ್ಪನಿಗೆ ಫೋನ್ ಮಾಡಿ, ಬೆಂಗಳೂರಿನ ಹೆಬ್ಬಾಳದಲ್ಲೂ ಇದೇ ಪದ್ಧತಿಯ ಹರಾಜು ಕೇಂದ್ರ ಇದೆ ಅಂತ ಹೇಳಿದಳು. ಅಲ್ಲಿ ನಡೆಯೋದು ಮುಖ್ಯವಾಗಿ ಕಾಂಡ ಸಮೇತ ಕತ್ತರಿಸಿದ ಗುಲಾಬಿ, ಜರ್ಬೆರಾ. ಸ್ಪೀಕರಿನಲ್ಲಿ ಅಪ್ಪನ ದನಿ ನಮಗೂ ಕೇಳಿಸ್ತು: "ಬಿಡಿ ಹೂವಿಗೆ ಯಾಕಮ್ಮ ಗಡಿಯಾರ ಇಲ್ಲ?"

ಅವಳ ಫೈನಲ್ ಇಯರ್ ಪ್ರಾಜೆಕ್ಟಿಗೆ ಈಗ ಅದೇ ವಿಷಯ. ಗೈಡ್ ಇನ್ನೂ ಒಪ್ಪಿಲ್ಲ.