ಬಡೋದೆಯ ತಿಮಿಂಗಿಲ

ಕಳೆದ ಚಳಿಗಾಲದಲ್ಲಿ ಸೂರತ್ತಿನ ಭಾವನವರ ಮನೆಗೆಂದು ಅಹಮದಾಬಾದಿನಿಂದ ಬೆಳಗಿನ ಗಾಡಿ ಹಿಡಿದ ನಾವು ನಡುವೆ ಬಡೋದೆಯಲ್ಲಿ ಇಳಿದೆವು. ಮಗಳಿಗೆ ಸಯಾಜಿ ಬಾಗಿನ ವಸ್ತುಸಂಗ್ರಹಾಲಯ ತೋರಿಸಬೇಕೆಂಬುದು ನನ್ನ ಆಸೆ. ಮರದ ನೆರಳಿನಲ್ಲಿ ಬುತ್ತಿ ಬಿಚ್ಚಬೇಕೆಂಬುದು ನಮ್ಮಾಕೆಯದು.

ಒಳಗೆ ಚಿತ್ರಗಳೂ ವಿಗ್ರಹಗಳೂ ಬೇಕಾದಷ್ಟಿವೆ. ಅವನ್ನೆಲ್ಲ ದಾಟಿ ಮಗಳು ನಿಂತದ್ದು ನೀಲಿ ತಿಮಿಂಗಿಲದ ಅಸ್ಥಿಪಂಜರದೆದುರು. ಉದ್ದ ಸುಮಾರು 70 ಅಡಿ! 1944ರಲ್ಲಿ ಮಹೀ ನದಿಯ ಮುಖದಲ್ಲಿ ದಡಕ್ಕೆ ಬಿದ್ದ ಪ್ರಾಣಿಯಂತೆ.

"ಅಪ್ಪಾ, ಇಂಥವು ಈಗ ನಮ್ಮ ಕಡಲಲ್ಲಿ ಎಷ್ಟಿವೆ?"

ಬಲ್ಲವನಂತೆ ಕೆಮ್ಮಿದೆನೇ ಹೊರತು ಉತ್ತರ ಬರಲಿಲ್ಲ. ಸಂಜೆ ಸೂರತ್ತಿನ ಡುಮಸ್ ಕಡಲ ದಂಡೆಯಲ್ಲಿ ಅವಳು ಅದೇ ಪ್ರಶ್ನೆಯನ್ನು ಮಾವನಿಗೆ ಹಾಕಿದಳು. ಭಾವನವರು ಇಂಥದನ್ನೆಲ್ಲ ಓದಿಕೊಂಡವರು.

"ಹುಲಿಯಾದರೆ ಹೆಜ್ಜೆ ಮೂಡಿಸುತ್ತದೆ, ಮಗೂ. ತಿಮಿಂಗಿಲ ಉಸಿರಿಗೆಂದು ಮೇಲೆ ಬಂದಾಗಷ್ಟೇ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಕಿವಿಯಿಂದ ಹುಡುಕುತ್ತಾರೆ" ಎಂದರು. ನೀರಿನಲ್ಲಿ ಶಬ್ದದ ವೇಗ ಗಾಳಿಯಲ್ಲಿರುವುದರ ನಾಲ್ಕು ಪಟ್ಟಿಗೂ ಹೆಚ್ಚು. ತಗ್ಗಿನ ಸ್ವರವಂತೂ ಬಹು ದೂರ ಸಾಗುತ್ತದೆ. ನಮ್ಮ ಮಂಗಳೂರಿನಿಂದ ನೈಋತ್ಯಕ್ಕಿರುವ ಕವರತ್ತಿ ದ್ವೀಪದ ಬಳಿ ದಿವ್ಯಾ ಪಣಿಕ್ಕರ್ ಮತ್ತು ಸಂಗಡಿಗರು 2018ರ ಕೊನೆಯಿಂದ 2020ರ ಆರಂಭದವರೆಗೆ ನೀರಿನೊಳಗೆ ಧ್ವನಿಮುದ್ರಣ ಯಂತ್ರಗಳನ್ನು ಇರಿಸಿದ್ದರು. ಅವುಗಳಲ್ಲಿ ನೀಲಿ ತಿಮಿಂಗಿಲದ ಹಾಡು ಸಿಕ್ಕಿತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೆಚ್ಚಾಗಿ. ಬಡೋದೆಯಲ್ಲಿ ನಾವು ಕಂಡದ್ದು ಸತ್ತುದರ ಮೂಳೆ. ಇದು ಬದುಕಿರುವವುಗಳ ದನಿ.

"ಹಾಗಾದರೆ ಎಷ್ಟು?" ಮಗಳು ಬಿಡಲೊಲ್ಲಳು.

ತೊಡಕಿರುವುದು ಅಲ್ಲೇ. ಹಾಡುವುದು ಗಂಡುಗಳೆಂದು ವಿಜ್ಞಾನಿಗಳ ತಿಳಿವಳಿಕೆ. ಸುಮ್ಮನಿರುವ ತಾಯಿ, ಮರಿ ಲೆಕ್ಕಕ್ಕೆ ಸಿಗುವುದಿಲ್ಲ. ಒಂದೇ ಪ್ರಾಣಿ ಹತ್ತು ಸಲ ಹಾಡಿತೋ, ಹತ್ತು ಪ್ರಾಣಿಗಳು ಒಂದೊಂದು ಸಲ ಹಾಡಿದವೋ? ಹಲವು ಯಂತ್ರಗಳನ್ನು ದೂರದೂರ ಇಟ್ಟರೆ, ದನಿ ಯಾವುದಕ್ಕೆ ಮೊದಲು ಮುಟ್ಟಿತೆಂಬುದರಿಂದ ಹಾಡುಗಾರನ ಜಾಗ ಗೊತ್ತಾಗುತ್ತದೆ. ಒಂದು ಪ್ರಾಣಿ ಗಂಟೆಗೆ ಎಷ್ಟು ಸಲ ಹಾಡುವುದೆಂದೂ ತಿಳಿದರೆ ಆಗ ಲೆಕ್ಕ. ಒಂದೆರಡು ಯಂತ್ರಗಳಿಂದ "ಇವೆ, ಇಂಥ ತಿಂಗಳು ಬರುತ್ತವೆ" ಎನ್ನಬಹುದು, ಅಷ್ಟೆ. ಅದೂ ಸಣ್ಣ ಮಾತಲ್ಲವೆಂದು ನನಗೆ ತೋರಿತು.

ತಾಪಿಯ ಆಚೆ ದಡದ ಹಜೀರಾದಲ್ಲಿ ಹಡಗುಗಳ ದೀಪ ಹತ್ತತೊಡಗಿದ್ದವು. ಭಾವನವರು ಅತ್ತ ಕೈ ತೋರಿಸಿದರು. ದೊಡ್ಡ ಹಡಗಿನ ಯಂತ್ರದ ಗುಡುಗು, ನೀಲಿ ತಿಮಿಂಗಿಲದ ಹಾಡು, ಎರಡೂ ತಗ್ಗಿನ ಸ್ವರದವೇ. ಹಡಗು ಹಾಯುವಾಗ ಹಾಡು ಮುಚ್ಚಿಹೋಗುತ್ತದೆ; ನಮ್ಮ ಯಂತ್ರಕ್ಕೆ ಮಾತ್ರವಲ್ಲ, ಇನ್ನೊಂದು ತಿಮಿಂಗಿಲಕ್ಕೂ. ಆ ರೇವಿನ ಕೆಲಸದಲ್ಲೇ ಅನ್ನ ಕಾಣುತ್ತಿರುವ ಭಾವನವರು ಇದನ್ನು ಹೇಳಿ ಸುಮ್ಮನಾದರು.

ಮಗಳು ಕಪ್ಪು ಮರಳಿಗೆ ಕಿವಿಯಾನಿಸಿ ಮಲಗಿಬಿಟ್ಟಿದ್ದಳು. "ಏಳೇ, ತಲೆಯೆಲ್ಲಾ ಮರಳು!" ಎಂದು ನಮ್ಮಾಕೆ ಗದರಿದಳು. ಡುಮಸ್ಸಿನ ಟೊಮೆಟೊ ಭಜಿಯಾ ಬಿಸಿಬಿಸಿಯಾಗಿ ಬಂದರೂ ಅವಳು ಎದ್ದು ಬರುವುದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು.