ಸೈನ್ಯಕ್ಕೆ ಯಾವ ಬಾಗಿಲಿನಿಂದ?

ಮಗ ಸೈನ್ಯಕ್ಕೆ ಸೇರುತ್ತೇನೆಂದರೆ ನಮ್ಮ ಮನೆಗಳಲ್ಲಿ ಕೇಳಿಬರುವುದು ಎರಡೇ ಪ್ರಶ್ನೆ: ಸಂಬಳ ಎಷ್ಟು? ರಜೆ ಯಾವಾಗ? ಯಾವ ದಾರಿಯಿಂದ ಸೇರುತ್ತೀಯಪ್ಪಾ ಎಂದು ಕೇಳುವವರು ಕಡಿಮೆ. ಅವನ ದರ್ಜೆಯನ್ನು ನಿರ್ಧರಿಸುವುದು ಮಾತ್ರ ಆ ದಾರಿಯೇ.

ಎಸ್ಸೆಸ್ಸೆಲ್ಸಿ ಮುಗಿಸಿ ನೇಮಕಾತಿ ರ‍್ಯಾಲಿಗೆ ಹೋಗುವ ಹುಡುಗ 2022ರಿಂದ ಅಗ್ನಿವೀರನಾಗಿ ಸೇರುತ್ತಾನೆ. ಸೇವೆ ನಾಲ್ಕು ವರ್ಷ. ಆ ವರ್ಷ ಪ್ರಕಟವಾದ ನಿಯಮದಂತೆ, ಆಮೇಲೆ ಕಾಯಂ ಆಗುವವರು ಹೆಚ್ಚೆಂದರೆ ಶೇ. 25 ಮಂದಿ. ಅದೇ ವಯಸ್ಸಿನ ಇನ್ನೊಬ್ಬ, ಪಿಯುಸಿ ಓದುತ್ತಲೇ ಯುಪಿಎಸ್‌ಸಿ ನಡೆಸುವ ಎನ್‌ಡಿಎ ಪರೀಕ್ಷೆ ಬರೆದು, ಐದು ದಿನಗಳ ಸಂದರ್ಶನದಲ್ಲಿ ಗೆದ್ದರೆ, ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಡೆಹ್ರಾಡೂನಿನಲ್ಲಿ ಒಂದು ವರ್ಷ ತರಬೇತಿ ಪಡೆದು ಲೆಫ್ಟಿನೆಂಟ್ ಆಗುತ್ತಾನೆ. ಇಬ್ಬರಿಗೂ ಹಿಡಿದದ್ದು ನಾಲ್ಕೇ ವರ್ಷ. ಒಬ್ಬನಿಗೆ ಮುಂದೇನೆಂಬ ಚಿಂತೆ ಹತ್ತುವ ಹೊತ್ತಿಗೆ ಇನ್ನೊಬ್ಬನ ಸೇವೆ ಆಗಷ್ಟೇ ಶುರುವಾಗಿರುತ್ತದೆ.

ಬಾಗಿಲುಗಳು ಇನ್ನೂ ಇವೆ. ಪದವೀಧರರಿಗೆ ಸಿಡಿಎಸ್ ಪರೀಕ್ಷೆ, ಇಂಜಿನಿಯರುಗಳಿಗೆ ಪ್ರತ್ಯೇಕ ಪ್ರವೇಶ, ಅವರೂ ಲೆಫ್ಟಿನೆಂಟರೇ. ವೈದ್ಯಕೀಯ ದಳಕ್ಕೆ ಅಲ್ಪಾವಧಿ ಸೇವೆಗೆ ಬರುವ ಎಂಬಿಬಿಎಸ್ ವೈದ್ಯರು ಕ್ಯಾಪ್ಟನ್ ಆಗಿಯೇ ಸೇರುತ್ತಾರೆ. ಪದವಿಯ ಜೊತೆಗೆ ಆಲಿಮ್ ಓದಿದ ಮೌಲವಿ ಸೈನ್ಯದ ಧರ್ಮಬೋಧಕನಾದರೆ ನೇರವಾಗಿ ನಾಯಬ್ ಸುಬೇದಾರ್. ಪಂಡಿತ, ಗ್ರಂಥಿ, ಪಾದ್ರಿಗಳಿಗೂ ಇದೇ ಕ್ರಮ. ಸಿಪಾಯಿಯಾಗಿ ಸೇರಿದವನು ಆ ಮೆಟ್ಟಿಲೇರಲು ಎಷ್ಟೋ ವರ್ಷ ದುಡಿಯಬೇಕು. ಹೆಣ್ಣುಮಕ್ಕಳಿಗೆ ಎನ್‌ಡಿಎ ತೆರೆದದ್ದು ಸುಪ್ರೀಂ ಕೋರ್ಟಿನ 2021ರ ಆದೇಶದಿಂದ. ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಬಂದರು.

ಸಿಪಾಯಿಯ ಕೆಲಸ ಕೀಳೆಂದು ನಾವು ಹೇಳುತ್ತಿಲ್ಲ. ಗಡಿಯ ಚಳಿ ಯಾರ ದರ್ಜೆಯನ್ನೂ ಕೇಳುವುದಿಲ್ಲ. ಸಿಪಾಯಿಯೇ ಓದಿ, ಆರ್ಮಿ ಕೆಡೆಟ್ ಕಾಲೇಜಿನ ಮೂಲಕ ಅಧಿಕಾರಿಯಾಗುವ ದಾರಿಯೂ ಉಂಟು. ನಮ್ಮ ಕಳವಳ ಬೇರೆ: ಬಾಗಿಲು ಇದೆಯೆಂಬ ಸುದ್ದಿಯೇ ಬಡವರ ಮನೆಗೆ ತಡವಾಗಿ ತಲುಪುತ್ತದೆ. ಸಂಜೆ ಹೊತ್ತು ನಾವು ನಾಲ್ಕೈದು ಮಂದಿ ಸೇರಿ ಮಕ್ಕಳಿಗೆ ಪಾಠ ಹೇಳುತ್ತೇವೆ. ಗಣಿತದಲ್ಲಿ ಚುರುಕಾದ ಹುಡುಗನೊಬ್ಬ ಡಿಗ್ರಿ ಎರಡನೇ ವರ್ಷದಲ್ಲಿ ಬಂದು, "ಎನ್‌ಡಿಎ ಅಂದ್ರೆ ಏನು ಸಾರ್?" ಎಂದ. ಲೆಕ್ಕ ಹಾಕಿದರೆ ವಯಸ್ಸು ನಾಲ್ಕು ತಿಂಗಳು ಮೀರಿತ್ತು. ಈಗ ಸಿಡಿಎಸ್‌ಗೆ ಓದುತ್ತಿದ್ದಾನೆ.

ಭಾಷೆಯ ತೊಡಕೂ ಇದೆ. ಅಗ್ನಿವೀರರ ಲಿಖಿತ ಪರೀಕ್ಷೆ 2025ರಿಂದ ಕನ್ನಡದಲ್ಲೂ ಇದೆ. ಎನ್‌ಡಿಎ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಷ್ಟೇ. ಸಿಪಾಯಿಯ ಬಾಗಿಲು ನಮ್ಮ ಭಾಷೆಯಲ್ಲಿ ಕರೆಯುತ್ತದೆ, ಅಧಿಕಾರಿಯ ಬಾಗಿಲು ಕರೆಯುವುದಿಲ್ಲ. ಆದ್ದರಿಂದ ಕರೆಯುವ ಕೆಲಸ ನಮ್ಮದು.

ಎನ್‌ಡಿಎಗೆ ಸೇರುವ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಪರೀಕ್ಷೆ ವರ್ಷಕ್ಕೆರಡು ಬಾರಿ. ಭೂಸೇನೆಗೆ ಯಾವ ವಿಷಯದ ಪಿಯುಸಿಯಾದರೂ ಸರಿ, ಆದರೆ ಗಣಿತದ ಪತ್ರಿಕೆ ತಪ್ಪದು. ಮನೆಯಲ್ಲಿ ಹತ್ತನೆಯ ತರಗತಿಯ ಮಗುವಿದ್ದರೆ ಇಷ್ಟನ್ನು ಇಂದೇ ಹೇಳಿಬಿಡಿ. ಯಾವ ಬಾಗಿಲು ತಟ್ಟಬೇಕೆಂಬುದನ್ನು ಅದು ತಾನೇ ಆರಿಸಿಕೊಳ್ಳಲಿ.